ಹಿಂದಿನ ಕಟ್ಟಡದ ಮಂಚ

ಆಫೀಸಿನವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಉದ್ಧಾರವಾದವರನ್ನು ಭಾಗ್ಯ ತನ್ನ ನಲವತ್ತೆಂಟು ವರ್ಷದಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಮನೆ ಸೋರುತ್ತದೆ ಎಂದು ಅರ್ಜಿ ಕೊಟ್ಟವರಿಗೆ ಏನೂ ಬರಲಿಲ್ಲ. ಮನೆಯೇ ಬಿದ್ದುಹೋಯಿತು ಎಂದವರಿಗೆ ಬಂತು. ಆನೆ ಅರ್ಧ ಹೊಲ ತುಳಿಯಿತು ಅಂದವರಿಗೆ ನಾಳೆ ಬಾ ಅಂದರು. ಪೂರಾ ಹೋಯಿತೆಂದು ಎದೆ ಬಡಿದುಕೊಂಡವರ ಹೆಸರು ಪಟ್ಟಿಗೆ ಸೇರಿತು. ಜೀರಹಳ್ಳಿಯ ಕಾಲೊನಿಯಲ್ಲಿ ಹುಟ್ಟಿ, ಕಂಡವರ ಹೊಲದಲ್ಲಿ ಕೂಲಿ ಮಾಡಿ ಬದುಕಿದ ಹೆಂಗಸು ಇಷ್ಟೂ ಕಲಿಯದಿದ್ದರೆ ಹೇಗೆ? ಅವಳನ್ನು ಬಯ್ಯುವ ಮೊದಲು ಇದು ತಿಳಿದಿರಲಿ. ಬಯ್ಯುವ ಕೆಲಸಕ್ಕೆ ನಾವು ಬೇಕಾಗಿಯೂ ಇಲ್ಲ, ಅದನ್ನು ಅವಳೇ ದಿನಾ ಮಾಡಿಕೊಳ್ಳುತ್ತಾಳೆ.

ಭಾಗ್ಯಳ ತಮ್ಮ ಚನ್ನಯ್ಯ. ವಯಸ್ಸು ನಲವತ್ತು, ಬುದ್ಧಿ ಆರೇಳು ವರ್ಷದ ಮಗುವಿನದು. ಹುಟ್ಟಿನಿಂದಲೇ ಎಡಗಾಲು ಸಣ್ಣ, ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯುತ್ತಿದ್ದ. ವಾಲಿಕೊಂಡಾದರೂ ನಡೆಯುತ್ತಿದ್ದ, ಅದನ್ನು ನೆನಪಿಡಿ. ಬೆಳಗಾಗೆದ್ದು ಮನೆಯ ಎರಡು ಮೇಕೆ ಬಿಚ್ಚಿ ಬಯಲಿಗೆ ಕಟ್ಟಿ ಬರುತ್ತಿದ್ದ. ಕೊಳಾಯಿಯಿಂದ ನೀರು ಹೊರುತ್ತಿದ್ದ. ಅಕ್ಕ ಕೂಲಿಗೆ ಹೋಗುವ ಹೊಲದ ಯಜಮಾನ ಮಹಾದೇವನ ಹಾಲಿನ ಕ್ಯಾನನ್ನು ಡೈರಿಗೆ ಮುಟ್ಟಿಸುತ್ತಿದ್ದ, ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಮೈಗೆ ತಾನೇ ನೀರು ಹುಯ್ದುಕೊಳ್ಳುತ್ತಿದ್ದ. ಬೆನ್ನು ಮಾತ್ರ ಅಕ್ಕ ಉಜ್ಜಬೇಕಿತ್ತು.

ಇನ್ನು ಅಕ್ಕ ಹೇಳಿದ್ದು ಅವನಿಗೆ ವೇದವಾಕ್ಯ. ಅವರವ್ವ ಕೆಂಚಮ್ಮ ಸತ್ತ ಮೇಲಂತೂ ಅಕ್ಕನೇ ಅವ್ವ, ಅಕ್ಕನೇ ದೇವರು. ಒಂದು ಸಲ ಹಾಸನೂರಿನಲ್ಲಿ ಅವನನ್ನು ಅಂಗಡಿ ಮುಂದೆ ಕೂರಿಸಿ, "ಇಲ್ಲೇ ಕುಂತಿರು, ಬತ್ತೀನಿ" ಎಂದು ಹೋದಳು. ಜೋರು ಮಳೆ ಬಂತು. ಜನವೆಲ್ಲ ಓಡಿ ಮರೆ ಸೇರಿದರೂ ಚನ್ನಯ್ಯ ಮಾತ್ರ ತೊಪ್ಪೆಯಾಗಿ ಅಲ್ಲೇ ಕುಳಿತಿದ್ದ. ನೋಡಿದವರು ನಕ್ಕರು. ಭಾಗ್ಯಳಿಗೂ ಆ ದಿನ ನಗು ಬಂದಿತ್ತು.

ಹತ್ತು ವರ್ಷದ ಹಿಂದೆ ತಾಳವಾಡಿಯಲ್ಲಿ ಅಂಗವಿಕಲರ ಕ್ಯಾಂಪು ನಡೆಯಿತು. ಚನ್ನಯ್ಯನಿಗೆ ಡಾಕ್ಟರನ್ನು ಕಂಡದ್ದೇ ಹಬ್ಬ. ಹೆಸರು ಕರೆದ ತಕ್ಷಣ ಎದ್ದು ಬಿರಬಿರನೆ ಹೋಗಿ ಕೈ ಮುಗಿದು, "ಚೆಂದಾಗಿದ್ದೀರಾ ಸಾ?" ಅಂತ ಕೇಳಿದ. ಡಾಕ್ಟರು ನಕ್ಕು, ಬೆನ್ನು ತಟ್ಟಿ, ಊನ ನೂರಕ್ಕೆ ಮೂವತ್ತೈದು ಎಂದು ಬರೆದುಬಿಟ್ಟರು. ನಲವತ್ತಾದರೂ ಇಲ್ಲದೆ ಪಿಂಚಣಿ ಇಲ್ಲ, ಬಸ್ಸಿನ ಪಾಸೂ ಇಲ್ಲ. ಮುಂದಿನ ವರ್ಷದ ಕ್ಯಾಂಪಿಗೆ ಹೋಗುವಾಗ ಭಾಗ್ಯ ದಾರಿಯುದ್ದಕ್ಕೂ ತಮ್ಮನಿಗೆ ಪಾಠ ಹೇಳಿದಳು.

"ನೋಡ್ಲಾ ಚನ್ನ, ಅಲ್ಲಿ ನೀನು ಏಳ್ಕೂಡ್ದು. ಮಾತಾಡ್ಕೂಡ್ದು. ಕಣ್ ಮುಚ್ಕಂಡು ಸುಮ್ಕೆ ಮನಿಕಂಡಿರು. 'ಡಾಕ್ಟ್ರು ಒಂಟೋದ್ರು, ಏಳು' ಅಂತ ನಾ ಯೋಳ್ದಾಗ್ಲೇ ಏಳ್ಬೇಕು. ಗೊತ್ತಾಯ್ತಾ?"

ಚನ್ನಯ್ಯ ಎರಡು ಗಂಟೆ ಹೊತ್ತು ಬೆಂಚಿನ ಮೇಲೆ ಕೊರಡಿನಂತೆ ಬಿದ್ದಿದ್ದ. ನೊಣ ಮೂಗಿನ ಮೇಲೆ ಕೂತರೂ ಕೊಸರಲಿಲ್ಲ. ಕಾರ್ಡಿನಲ್ಲಿ ಎಪ್ಪತ್ತೈದು ಎಂದು ಬರೆದರು, ಇನ್ನೊಬ್ಬರ ಸಹಾಯವಿಲ್ಲದೆ ಇರಲಾರ ಎಂಬ ಷರಾ ಬೇರೆ. ಆಫೀಸಿನ ಹಿಂಭಾಗದ ಹುಣಸೆ ಮರದಡಿಗೆ ಅವನನ್ನು ಎತ್ತಿ ತಂದು, ಭಾಗ್ಯ ಸುತ್ತ ನೋಡಿ, ಕಿವಿಯಲ್ಲಿ ಹೇಳಿದಳು: "ಡಾಕ್ಟ್ರು ಒಂಟೋದ್ರು, ಏಳ್ಲಾ." ಅವನು ಚಂಗನೆ ಎದ್ದು ಕೈ ತಟ್ಟಿ ನಕ್ಕ. ಅಕ್ಕ ತಮ್ಮ ಇಬ್ಬರೂ ಬೋಂಡ ತಿಂದುಕೊಂಡು ಊರಿಗೆ ಬಂದರು. ಅಂದಿನಿಂದ ಯಾವ ಸಾಹೇಬ ಕಾರ್ಡು ನೋಡಲು ಬಂದರೂ ಅಕ್ಕ ತಮ್ಮಂದಿರ ನಡುವೆ ಇದೇ ಆಟ ನಡೆಯುತ್ತಿತ್ತು.

ಹೋದ ವರ್ಷ ಭಾಗ್ಯಳಿಗೆ ಹೊಟ್ಟೆನೋವು ಶುರುವಾಯಿತು. ಗರ್ಭಕೋಶದಲ್ಲಿ ಗಡ್ಡೆ, ಆಪರೇಷನ್ ಆಗಲೇಬೇಕು, ಆಮೇಲೆ ಮೂರು ತಿಂಗಳು ಒಂದು ಬಿಂದಿಗೆಯನ್ನೂ ಎತ್ತಬಾರದು ಎಂದರು ದೊಡ್ಡಾಸ್ಪತ್ರೆಯವರು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತನ್ನನ್ನು ನೋಡಿಕೊಳ್ಳಲು ಹಾಸನೂರಿನ ಚಿಕ್ಕವ್ವನ ಮಗಳು ಒಪ್ಪಿದಳು. ಆದರೆ ಅವಳದು ಒಂದೇ ಕೋಣೆಯ ಮನೆ. ಅದರಲ್ಲಿ ಚನ್ನಯ್ಯನಿಗೆ ಜಾಗವಿರಲಿಲ್ಲ. ಮಹಾದೇವನ ಹೆಂಡತಿ ಪುಟ್ಟನಂಜಮ್ಮ, "ನಮ್ಮ ಕೊಟ್ಟಿಗೇಲಿ ಇದ್ಕಳ್ಳಿ ಬುಡು, ಮುದ್ದೆಗೇನು ಬರವಾ?" ಅಂದಳು. ಕೊಟ್ಟಿಗೆಯಲ್ಲಿ ಇರುವುದೆಂದರೆ ಬೆಳಗಿನಿಂದ ಬೈಗಿನವರೆಗೆ ಸಗಣಿ ಬಾಚುವುದು ಎಂದು ಭಾಗ್ಯಳಿಗೆ ಗೊತ್ತಿಲ್ಲವೇ? ಬೇಡವೆಂದಳು.

ಮನೆಮನೆಗೆ ಬಂದು ಬಿ.ಪಿ. ನೋಡಿ ಮಾತ್ರೆ ಕೊಡುವ ಪರಿಮಳ ಅವಳಿಗೆ ದಾರಿ ಹೇಳಿದ್ದು. ಚಾಮರಾಜನಗರದ ಕಡೆ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಹೋಮ್ ಇದೆ, ಅಲ್ಲಿ ಕನ್ನಡದವರೇ, ಆದರೆ ಅದು ಕರ್ನಾಟಕ, ತಮಿಳುನಾಡಿನ ಈ ಕಡೆಯ ಕಾರ್ಡು ಅಲ್ಲಿ ನಡೆಯುವುದಿಲ್ಲ. ಘಾಟಿ ಇಳಿದರೆ ಸತ್ಯಮಂಗಲದ ಆಚೆ ಒಂದಿದೆ. ಅಲ್ಲಿ ಎರಡು ಬಗೆ: ಕೈಕಾಲು ಆಡುವವರಿಗೆ ಬರೀ ಇರುವ ಮನೆ ಒಂದು, ಹಾಸಿಗೆ ಹಿಡಿದವರಿಗೆ ನರ್ಸಮ್ಮಂದಿರು ಇರುವ ಮನೆ ಇನ್ನೊಂದು.

"ಚನ್ನಣ್ಣಂಗೆ ಮೊದಲ್ನೇದೇ ಸಾಕು ಕಣಕ್ಕ," ಎಂದಳು ಪರಿಮಳ. "ಅಲ್ಲೋಗಿ ಇರಾದ್ನ ಇದ್ದಂಗೆ ಯೋಳು. ಇದು ಪಿಂಚಣಿ ಆಫೀಸಲ್ಲ."

"ಊ ಕಣ್ ಬುಡವ್ವ, ನಂಗೊತ್ತಿಲ್ವಾ," ಎಂದಳು ಭಾಗ್ಯ. ಆ ಹುಡುಗಿ ಹುಟ್ಟುವ ಮೊದಲಿನಿಂದ ತಾನು ಆಫೀಸು ಅಲೆದವಳು, ಇವಳೇನು ನನಗೆ ಹೇಳುವುದು ಎಂಬ ಜಂಭ ಮನಸ್ಸಿನಲ್ಲಿ ಇತ್ತು.

ಹೊರಟ ದಿನ ಘಾಟಿಯ ನೆತ್ತಿಯ ಮೇಲಿನ ದಿಂಬಂನಲ್ಲಿ ಬಸ್ಸು ಟೀಗೆ ನಿಂತಿತು. ಭಾಗ್ಯಳಿಗೆ ಹೊಟ್ಟೆ ಹಿಡಿದುಕೊಂಡಿತ್ತು, ಇಳಿಯಲಾಗಲಿಲ್ಲ. ಚನ್ನಯ್ಯನೇ ಇಳಿದು, ವಾಲುತ್ತ ಹೋಗಿ, ಎರಡು ಲೋಟ ಟೀ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಿ ಬಂದ. "ಕುಡಿ ಅಕ್ಕ, ಬಿಸಿ ಅದೆ," ಎಂದು ಅವಳ ಲೋಟವನ್ನು ಊದಿ ಕೊಟ್ಟ. ಟೀ ಚೆಲ್ಲಿರಲಿಲ್ಲ. ಆಮೇಲೆ ಬಸ್ಸು ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿಯುವಷ್ಟೂ ಹೊತ್ತು ಭಾಗ್ಯ ಅವನ ಕೈ ಹಿಡಿದುಕೊಂಡು ಹಳೇ ಪಾಠವನ್ನೇ ಹೇಳಿದಳು. ಏಳ್ಕೂಡದು, ಮಾತಾಡ್ಕೂಡದು, ನಾ ಹೇಳುವ ತನಕ ಕಣ್ಣು ಬಿಡಕೂಡದು. ಚನ್ನಯ್ಯ ತಲೆಯಾಡಿಸಿದ. ಆಟ ಅವನಿಗೆ ಇಷ್ಟವೇ.

ಹೋಮಿನ ಗೇಟಿನ ಮುಂದೆ ಆಟೋದಿಂದ ಅವನನ್ನು ಅಲ್ಲಿನ ಇಬ್ಬರು ಗಂಡಸರು ಎತ್ತಿ ತಳ್ಳುಕುರ್ಚಿಯಲ್ಲಿ ಕೂರಿಸಿದರು. ತಮ್ಮನ ಕತ್ತು ಒಂದು ಕಡೆ ವಾಲಿತ್ತು. ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದು ಭಾಗ್ಯಳಿಗೆ ಒಳಗೊಳಗೇ ಹೆಮ್ಮೆ.

ಅಲ್ಲಿನ ಮೇಲ್ವಿಚಾರಕ ದಯಾನಂದ್ ಹಾಸನೂರಿನ ಕಡೆಯವನೇ, ಕನ್ನಡ ಬಲ್ಲವನು. ಬರೆಯುವ ಮೊದಲು ಎರಡು ಕಟ್ಟಡಗಳನ್ನೂ ತೋರಿಸಿದ. ಮುಂದಿನ ಕಟ್ಟಡದಲ್ಲಿ ಹತ್ತಿಪ್ಪತ್ತು ಗಂಡಸರು ಇದ್ದರು. ಕೆಲವರು ಕಡಲೆಕಾಯಿ ಸುಲಿಯುತ್ತಿದ್ದರು, ಒಬ್ಬ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದ, ಉಂಡವರು ತಮ್ಮ ತಟ್ಟೆ ತಾವೇ ತೊಳೆಯುತ್ತಿದ್ದರು. ಭಾಗ್ಯ ನಿಂತು ನೋಡಿದಳು. ಅಯ್ಯೋ ಶಿವನೇ, ಇಲ್ಲೂ ಕೂಲಿಯೇ ಅನ್ನಿಸಿತು ಅವಳಿಗೆ. ಮಹಾದೇವನ ಕೊಟ್ಟಿಗೆ ಬೇಡವೆಂದು ಇಷ್ಟು ದೂರ ಬಂದದ್ದು ಇದಕ್ಕಾ?

ಹಿಂದಿನ ಕಟ್ಟಡ ಬೇರೆಯೇ ಲೋಕ. ಕಬ್ಬಿಣದ ಮಂಚ, ದಪ್ಪ ಹಾಸಿಗೆ, ತಲೆ ಮೇಲೆ ಫ್ಯಾನು, ನೀಲಿ ಸೀರೆಯ ಹೆಂಗಸರು ಮಂಚದ ಹತ್ತಿರವೇ ಬಂದು ಚಮಚದಲ್ಲಿ ತಿನ್ನಿಸುತ್ತಿದ್ದರು. ಅವರವ್ವ ಕೆಂಚಮ್ಮ ಸಾಯುವಾಗ ಕೂಡ ಇಂಥ ಹಾಸಿಗೆ ಕಂಡಿರಲಿಲ್ಲ. ಮೂರು ತಿಂಗಳಾದರೂ ನನ್ನ ತಮ್ಮ ರಾಜನ ಹಾಗೆ ಮಲಗಿ ಉಣ್ಣಲಿ, ಅವನ ಪಾಲಿಗೆ ಯಾವ ಸುಖ ಬಂದಿದೆ ಎಂದು ಅವಳ ಕಣ್ಣು ತುಂಬಿತು. ಪ್ರೀತಿಯಿಂದಲೇ ಹಾಗೆ ಅಂದುಕೊಂಡಳು. ಅದೇ ಅವಳಿಗೆ ಈಗ ಹೆಚ್ಚು ಸುಡುವುದು.

ದಯಾನಂದ್ ಅರ್ಜಿ ತೆಗೆದು ಒಂದೊಂದೇ ಕೇಳಿದ. ತಾನೇ ಎದ್ದು ಓಡಾಡುತ್ತಾನಾ? ಇಲ್ಲ ಸಾ. ತಾನೇ ಉಣ್ಣುತ್ತಾನಾ? ಇಲ್ಲ ಸಾ. ಕಕ್ಕಸಿಗೆ? ಎಲ್ಲಾ ನಾನೇ ಸಾ, ಕೂಸಿದ್ದಂಗೆ. ಕಾರ್ಡು ನೋಡಿದ, ಎಪ್ಪತ್ತೈದು ಇತ್ತು. ಆದರೂ ಪೆನ್ನು ಕೆಳಗಿಟ್ಟ.

"ಒಂದು ಮಾತು ಕೇಳಮ್ಮ. ಎರಡು ಕಡೇನೂ ಜಾಗ ಐತೆ. ಹಿಂದಿನದು ಮೇಲು, ಮುಂದಿನದು ಕೀಳು ಅಂತ ಏನಿಲ್ಲ. ಹಿಂದ್ಗಡೆ ಎಲ್ಲಾನೂ ನಾವೇ ಮಾಡ್ತೀವಿ. ಮಾಡ್ಕಳೋ ಶಕ್ತಿ ಇರೋನಿಗೂ ನಾವೇ ಮಾಡ್ಬುಟ್ರೆ ಇರೋ ಶಕ್ತೀನೂ ಹೊಂಟೋಗುತ್ತೆ. ಅದ್ಕೇ ಇಷ್ಟು ಕೇಳ್ತಿರೋದು. ಸ್ವಲ್ಪಾನೂ ಎದ್ದೇಳಲ್ವಾ?"

ಅವಳಿಗೆ ಚೆನ್ನಾಗಿ ಕೇಳಿಸಿತು. ಕೇಳಿಸಲಿಲ್ಲ ಎಂದು ಅವಳು ಯಾವತ್ತೂ ಯಾರ ಹತ್ತಿರವೂ ಸುಳ್ಳು ಹೇಳಲಿಲ್ಲ. ಬಾಯಿವರೆಗೂ ಬಂತು, ನಡೀತಾನೆ ಸಾ ಎಂಬ ಮಾತು. ಆದರೆ ಇಬ್ಬರು ಗಂಡಸರ ಕೈಯಲ್ಲಿ ಹೊರಿಸಿಕೊಂಡು ಬಂದವನನ್ನು ಈಗ ನಡೆಯುತ್ತಾನೆ ಅಂದರೆ ಮಾನ ಉಳಿಯುತ್ತದಾ? ಕಳ್ಳಿ ಅನ್ನುವುದಿಲ್ಲವಾ? ಇದ್ದ ಕಾರ್ಡನ್ನೂ ಕಿತ್ತುಕೊಂಡರೆ? ಭಾಗ್ಯ ನೆಲ ನೋಡಿಕೊಂಡು, "ಇಲ್ಲ ಸಾ," ಎಂದಳು.

ಹಿಂದಿನ ಕಟ್ಟಡದ ಕಿಟಕಿ ಪಕ್ಕದ ಮಂಚ ಅವನದಾಯಿತು. ಚನ್ನಯ್ಯ ಕಣ್ಣು ಬಿಗಿಯಾಗಿ ಮುಚ್ಚಿದ್ದ, ಕೆನ್ನೆಯಲ್ಲಿ ನಗು ಅದುಮಿಕೊಂಡಿದ್ದ. ಕಿವಿಯಲ್ಲಿ ಆ ಮಾತು ಹೇಳಬೇಕು ಎಂದು ಭಾಗ್ಯ ಬಗ್ಗಿದಳು. ಪಕ್ಕದಲ್ಲೇ ದಯಾನಂದ್ ನಿಂತಿದ್ದ, ನೀಲಿ ಸೀರೆಯವಳು ದಿಂಬು ಸರಿಮಾಡುತ್ತಿದ್ದಳು. ಇವರ ಮುಂದೆ ಹೇಗೆ ಹೇಳುವುದು? "ಬತ್ತೀನಿ ಕಣ್ಲಾ," ಎಂದಷ್ಟೇ ಹೇಳಿ ಕೈ ಒತ್ತಿದಳು. ಅವನು ಬೆರಳು ಕೂಡ ಅಲ್ಲಾಡಿಸಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವಾಗ ಹೇಳದೆ ಉಳಿದ ಆ ಮಾತು ಚುಚ್ಚಿತು. ವಾಪಸು ಹೋಗಲೇ ಅನ್ನಿಸಿತು. ಊರಿನ ಕಡೆಯ ಬಸ್ಸು ಹೊರಟು ನಿಂತಿತ್ತು, ಬೆಳಗಾದರೆ ಆಸ್ಪತ್ರೆ ಸೇರಬೇಕಿತ್ತು. ಎಷ್ಟು ಹೊತ್ತು ಅಂತ ಮಲಗಿರುತ್ತಾನೆ, ಹೊಟ್ಟೆ ಹಸಿದರೆ ತಾನೇ ಏಳುತ್ತಾನೆ ಬಿಡು ಎಂದು ಹತ್ತಿಬಿಟ್ಟಳು. ಮಳೆಯಲ್ಲಿ ನೆನೆಯುತ್ತ ಕುಳಿತವನು ಆ ಹೊತ್ತಿನಲ್ಲಿ ಅವಳಿಗೆ ನೆನಪಾಗಲಿಲ್ಲ.

ಆಪರೇಷನ್ ಆಗಿ ಹನ್ನೆರಡು ದಿನಕ್ಕೆ ಹಾಸನೂರಿನಿಂದ ಫೋನು ಮಾಡಿದಳು. ನೀಲಿ ಸೀರೆಯವಳು ಫೋನನ್ನು ಅವನ ಕಿವಿಗಿಟ್ಟಳು.

"ಚನ್ನ, ಉಂಡ್ಯಾ?"

"ಊ."

"ನಾ ಯೋಳ್ದಂಗೇ ಇದ್ದೀಯ ತಾನೆ?"

"ಇವ್ನಿ ಅಕ್ಕ." ಆ ದನಿಯಲ್ಲಿ ಎಷ್ಟು ಹೆಮ್ಮೆ!

ಜಾಣ ಕಣ್ಲಾ ನೀನು ಎಂದಳು. ಹಟ ಮಾಡದೆ, ಅಳದೆ ಇದ್ದಾನಲ್ಲ ಎಂದು ಅವಳ ಲೆಕ್ಕ. ಆಮೇಲೆ ಎರಡು ಸಲ ಫೋನು ಮಾಡಿದಾಗಲೂ ಇದೇ ಮಾತು, ಇದೇ ಉತ್ತರ. ಹೋಗಿ ನೋಡೋಣವೆಂದರೆ ಘಾಟಿಯ ಬಸ್ಸು ಹತ್ತಲೇಬಾರದು ಎಂದು ಡಾಕ್ಟರು ಹೆದರಿಸಿದ್ದರು. ಮೂರು ತಿಂಗಳು ಹಾಗೇ ಕಳೆಯಿತು.

ಕರೆದುಕೊಂಡು ಬರಲು ಹೋದ ದಿನ ಅವಳ ಚೀಲದಲ್ಲಿ ಕಡ್ಲೆಪುರಿ, ಕೊಬ್ಬರಿ ಮಿಠಾಯಿ, ಮತ್ತೆ ಒಂದು ಜೊತೆ ಹೊಸ ಚಪ್ಪಲಿ ಇತ್ತು. ಎಡಗಾಲಿನದಕ್ಕೆ ಇನ್ನೊಂದು ಅಟ್ಟೆ ಕೂರಿಸಿ ಎತ್ತರ ಮಾಡಿಸಿದ್ದಳು. ವಾಲುವುದು ಕಡಿಮೆಯಾಗಲಿ ಎಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದು, ಈಗ ಕೈಗೂಡಿತ್ತು.

ದಯಾನಂದ್ ಆಫೀಸಿನಲ್ಲಿ ಕೂರಿಸಿ ನೀರು ಕೊಟ್ಟ. "ನಿಮ್ಮ ತಮ್ಮನಂಥ ಸಾಧು ಇನ್ನೊಬ್ಬನಿಲ್ಲಮ್ಮ. ಒಂದೇ ತೊಂದ್ರೆ. ವ್ಯಾಯಾಮ ಮಾಡ್ಸೋರು ಬಂದು ನಿಲ್ಲಿಸೋಕೆ ನೋಡಿದ್ರೆ ಮೈಯೆಲ್ಲ ಸೆಟೆಸಿ ಕಣ್ಣು ಮುಚ್ಕೊಂಡ್ಬುಡ್ತಾನೆ. ನಾಕು ಸತಿ ನೋಡಿ ಕೈಬಿಟ್ರು. ಸೊಂಟದ ಹತ್ರ ಹುಣ್ಣಾಗಿತ್ತು, ಈಗ ಒಣಗ್ತಾ ಐತೆ."

ಬಾಗಿಲಲ್ಲಿದ್ದ ನೀಲಿ ಸೀರೆಯವಳು ತಮಿಳಿನಲ್ಲಿ ಏನೋ ಹೇಳಿದಳು, ದಯಾನಂದ್ ಅದನ್ನು ಕನ್ನಡಕ್ಕೆ ತಿರುಗಿಸಿದ. ಬಂದ ಮೂರನೇ ದಿನ ಬೆಳಿಗ್ಗೆ ಅವನು ಕಿಟಕಿಯ ಸರಳು ಹಿಡಿದು ನಿಂತದ್ದನ್ನು ತಾನು ಕಣ್ಣಾರೆ ಕಂಡೆನೆಂದೂ, ತನ್ನನ್ನು ನೋಡಿದವನೇ ಮಂಚಕ್ಕೆ ಹಾರಿ ಮಲಗಿದನೆಂದೂ, ಹೇಳಿದರೆ ಯಾರೂ ನಂಬಲಿಲ್ಲವೆಂದೂ ಅವಳ ದೂರು. ಏಳಲಾರ ಎಂದು ಅಕ್ಕನೇ ಬರೆಸಿದ್ದಾಳೆ, ನಿನಗೆಲ್ಲೋ ಭ್ರಮೆ ಎಂದಿದ್ದರಂತೆ.

ಭಾಗ್ಯ ಲೋಟವನ್ನು ಕೆಳಗಿಟ್ಟಳು. ಅಯ್ಯೋ, ಹೇಳಲಿಲ್ಲವಲ್ಲ, ಆ ಒಂದು ಮಾತು ಹೇಳದೆ ಹೋದೆನಲ್ಲ! ಮೂರು ತಿಂಗಳು. ಫೋನಿನಲ್ಲಿ ಮೂರು ಸಲ ಕೇಳಿದೆನಲ್ಲ, ನಾ ಹೇಳಿದ ಹಾಗೇ ಇದ್ದೀಯ ತಾನೆ ಅಂತ!

"ಸಾ," ಎಂದಳು, "ಅವ್ನು ನಡೀತಿದ್ದ ಸಾ."

"ಏನಮ್ಮ?"

"ನಡೀತಿದ್ದ. ನೀರ್ ಒರ್ತಿದ್ದ. ಇಲ್ಲಿಗೆ ಬರೋ ದಿನ ದಿಂಬಂನಲ್ಲಿ ನಂಗೇ ಟೀ ತಂದ್ಕೊಟ್ಟ. ನಾನೇ ಏಳ್ಬ್ಯಾಡ ಅಂದಿದ್ದೆ. ಏಳು ಅನ್ನಾದ್ನ ಯೋಳ್ದೆ ಒಂಟೋದೆ. ನನ್ ಬಾಯಿಗೆ ಮಣ್ಣಾಕ, ನಾನೇ ಸಾ, ನಾನೇ."

ದಯಾನಂದ್ ಬೈದಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತೇನೋ. ಅವನು ಬಯ್ಯಲಿಲ್ಲ. ಎದುರಿಗಿದ್ದ ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟ. ನಾವಾದ್ರೂ ಆ ನರ್ಸಮ್ಮನ ಮಾತು ಕೇಳ್ಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ ಎದ್ದ. "ನಡೀರಿ, ನೋಡಾನ."

ಕಿಟಕಿ ಪಕ್ಕದ ಮಂಚದಲ್ಲಿ ಚನ್ನಯ್ಯ ಕಣ್ಣು ಮುಚ್ಚಿ ಮಲಗಿದ್ದ. ಮುಖ ತುಂಬಿಕೊಂಡಿತ್ತು, ಗಡ್ಡ ನೀಟಾಗಿ ಹೆರೆದಿದ್ದರು. ಹೊದಿಕೆಯ ಕೆಳಗೆ ಕಾಲುಗಳು ಇವೆಯೋ ಇಲ್ಲವೋ ಎನ್ನುವಷ್ಟು ಸಣ್ಣಗಾಗಿದ್ದವು. ಭಾಗ್ಯ ಹಿಂತಿರುಗಿ ಕೈ ಮುಗಿದಳು.

"ಸಾ, ನೀವು ಆಚೆ ನಿಂತ್ಕಳಿ. ಅಮ್ಮಯ್ಯನೂ ಓಗ್ಲಿ. ನೀವಿದ್ರೆ ಅವ್ನು ಏಳಲ್ಲ."

ಅವರು ಬಾಗಿಲು ದಾಟಿ ಮರೆಯಾದರು. ಭಾಗ್ಯ ತಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಡಾಕ್ಟ್ರು ಒಂಟೋದ್ರು, ಏಳ್ಲಾ ಚನ್ನ."

ಚನ್ನಯ್ಯ ಕಣ್ಣು ಬಿಟ್ಟ. ಅಕ್ಕನನ್ನು ನೋಡಿ ಮುಖವೆಲ್ಲ ನಗುವಾಯಿತು. "ಒಂಟೋದ್ರಾ ಅಕ್ಕ?"

"ಊ ಕಣಪ್ಪ, ಒಂಟೋದ್ರು."

"ನಾ ಅಲ್ಲಾಡ್ನಿಲ್ಲ ಕಣಕ್ಕ. ಒಂದೇ ಸತಿ ಎದ್ದಿದ್ದೆ. ಆಚೆ ಮೇಕೆ ಕೂಗ್ದಂಗಾಯ್ತು, ನಮ್ದೇನೋ ಅಂತ. ಬಯ್ಬ್ಯಾಡ."

"ಬಯ್ಯಲ್ಲ. ಬಾ, ಚಪ್ಲಿ ತಂದಿವ್ನಿ ನೋಡು. ಊರಿಗೋಗಾಣ."

ಚಪ್ಪಲಿ ಕಂಡು ಅವನಿಗೆ ಹಿಗ್ಗೋ ಹಿಗ್ಗು. ಹೊದಿಕೆ ಕಿತ್ತು ಎಸೆದ, ಎರಡು ಕೈಯೂರಿ ಮೇಲಕ್ಕೆ ಎದ್ದು ಕುಳಿತ. ಕಾಲನ್ನು ಮಂಚದಿಂದ ಇಳಿಸಲು ಹೋದ. ಬಲಗಾಲು ಅರ್ಧ ಸರಿದು ನಿಂತಿತು. ಎಡಗಾಲಿನ ಮಂಡಿ ಮಡಚಿದ್ದು ಮಡಚಿದಂತೆಯೇ ಇತ್ತು, ಬಿಚ್ಚಿಕೊಳ್ಳಲಿಲ್ಲ. ಭಾಗ್ಯ ತನ್ನ ಹೊಟ್ಟೆಯ ಹೊಲಿಗೆಯನ್ನೂ ಮರೆತು ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಪಾದ ನೆಲಕ್ಕೆ ತಾಗಿದ್ದೇ ತಡ, ಅವನು ಕುಸಿದು ಅವಳ ಮೈಮೇಲೆ ಬಿದ್ದ. ಮತ್ತೆ ಎತ್ತಿದಳು, ಮತ್ತೆ ಕುಸಿದ. ಅವನನ್ನು ಹಾಸಿಗೆಗೆ ಒರಗಿಸಿ, ಆ ಸಣ್ಣ ಕಾಲನ್ನು ಮಡಿಲಿಗೆ ಎಳೆದುಕೊಂಡು ಭಾಗ್ಯ ನೆಲದ ಮೇಲೆ ಕುಳಿತು ಅತ್ತಳು.

ಚನ್ನಯ್ಯ ತನ್ನ ಕಾಲನ್ನೇ ನೋಡಿದ, ಅಳುವ ಅಕ್ಕನನ್ನು ನೋಡಿದ. ಏನೋ ತಪ್ಪಾಗಿದೆ ಎಂದು ಅವನಿಗೆ ಗೊತ್ತಾಯಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ, ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ಬಾಗಿಲ ಕಡೆ ಒಮ್ಮೆ ಕಳ್ಳನೋಟ ಬೀರಿದ.

"ಅಳ್ಬ್ಯಾಡ ಅಕ್ಕ," ಎಂದು ಪಿಸುಗುಟ್ಟಿದ. "ಡಾಕ್ಟ್ರು ಇನ್ನೂ ಒಂಟಿಲ್ಲ ಅಂತ ಕಾಣ್ತದೆ."

ಹಾಗೆಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.